ಜೋಡಿ ಗೋಪುರದ ಬುಡದಲ್ಲಿರುವ ಉದ್ಯಾನ

ಮಲೇಷ್ಯಾ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರು ಬರುವ ಚಿತ್ರ ಒಂದೇ. ಬೆಳ್ಳಿಯಂತೆ ಹೊಳೆಯುವ ಎರಡು ಗೋಪುರಗಳು, ಅವುಗಳ ನಡುವೆ ಒಂದು ಸೇತುವೆ. ಟ್ರಾವೆಲ್ಸ್ ಕಚೇರಿಗಳ ಗೋಡೆಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಸಾಮಾನ್ಯ ಜ್ಞಾನದ ಪುಸ್ತಕಗಳ ಮುಖಪುಟಗಳಲ್ಲಿ ಅದನ್ನು ನೋಡದವರು ವಿರಳ. ಇವು ಕೌಲಾಲಂಪುರದ ಪೆಟ್ರೋನಾಸ್ ಗೋಪುರಗಳು. ಎತ್ತರ 451.9 ಮೀಟರ್, ಮಹಡಿಗಳು 88. ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರವೊಂದರಲ್ಲಿ ಜಗತ್ತಿನ ಅತಿ ಎತ್ತರದ ಕಟ್ಟಡ ಎದ್ದುನಿಂತಿತೆಂದು 1990ರ ದಶಕದಲ್ಲಿ ನಮ್ಮವರು ಬಹಳ ಹೆಮ್ಮೆಪಟ್ಟಿದ್ದುಂಟು. ಆದರೆ ಆ ಚಿತ್ರಗಳಲ್ಲಿ ಹೆಚ್ಚಿನವು ಗೋಪುರದ ಬುಡವನ್ನು ಕತ್ತರಿಸಿಬಿಟ್ಟಿರುತ್ತವೆ. ಅಲ್ಲಿ 50 ಎಕರೆಯ ಒಂದು ಸಾರ್ವಜನಿಕ ಉದ್ಯಾನವಿದೆ. ಗೋಪುರದ ಕತೆಯನ್ನು ಈ ಉದ್ಯಾನವನ್ನು ಬಿಟ್ಟು ಹೇಳಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಎರಡನ್ನೂ ಜೊತೆಯಾಗಿಯೇ ನೋಡೋಣ.

ಕೌಲಾಲಂಪುರ ಹಳೆಯ ನಗರವೇನಲ್ಲ. 1857ರ ಸುಮಾರಿಗೆ ತವರದ ಅದಿರನ್ನು ಹುಡುಕಿಕೊಂಡು ಬಂದ ಗಣಿ ಕೂಲಿಗಳು ಗೊಂಬಾಕ್ ಮತ್ತು ಕ್ಲಾಂಗ್ ನದಿಗಳು ಕೂಡುವಲ್ಲಿ ಬಿಡಾರ ಹೂಡಿದಾಗ ಅದರ ಚರಿತ್ರೆ ಆರಂಭವಾಯಿತು. ಮಲಯ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಕೆಸರಿನ ಸಂಗಮ. ಅದೇ ಸಂಗಮದಲ್ಲಿ 1909ರಲ್ಲಿ ಜಾಮೆಕ್ ಮಸೀದಿ ತಲೆಯೆತ್ತಿತು. ಅದನ್ನು ವಿನ್ಯಾಸಗೊಳಿಸಿದವರು ಆರ್ಥರ್ ಬೆನಿಸನ್ ಹಬ್ಬಾಕ್ ಎಂಬ ಆಂಗ್ಲ ವಾಸ್ತುಶಿಲ್ಪಿ. ಅದರ ಗುಮ್ಮಟ, ಕಮಾನುಗಳಿಗೆ ಅವರು ಮಾದರಿಯನ್ನು ತೆಗೆದುಕೊಂಡದ್ದು ನಮ್ಮ ಭಾರತದ ಮೊಗಲ್ ಕಟ್ಟಡಗಳಿಂದ. ಆ ಕಾಲದ ಬ್ರಿಟಿಷರಿಗೆ ಮುಸ್ಲಿಮರೆಂದರೆ ಎಲ್ಲರೂ ಒಂದೇ, ಮಲಯದವರಿಗೂ ಮೊಗಲ್ ಗುಮ್ಮಟವೇ ಸರಿ ಎಂಬ ಭಾವನೆ ಇದ್ದಿರಬೇಕು! ಸ್ವಾತಂತ್ರ್ಯಾನಂತರ 1965ರಲ್ಲಿ ಕಟ್ಟಿದ ರಾಷ್ಟ್ರೀಯ ಮಸೀದಿಯಲ್ಲಿ ಗುಮ್ಮಟದ ಬದಲು ಅರೆ ಬಿಚ್ಚಿದ ಕೊಡೆಯಂತಹ ಮಾಡು ಬಂದಿತು. ಮಳೆಯ ನಾಡಿಗೆ ಕೊಡೆ. ತಮ್ಮದು ಯಾವುದು, ಎರವಲು ಯಾವುದು ಎಂಬ ಪ್ರಶ್ನೆ ಆ ದೇಶವನ್ನು ಅಂದಿನಿಂದಲೂ ಕಾಡಿದೆ.

ನಗರದ ಅಂಪಾಂಗ್ ರಸ್ತೆಯ ಬದಿಯಲ್ಲಿ ತವರದ ಗಣಿಗಳ ಧನಿಕರ ಬಂಗಲೆಗಳಿದ್ದವು. ಅಲ್ಲಿಯೇ 1896ರಲ್ಲಿ ಸ್ಥಾಪನೆಯಾದ ಸೆಲಂಗೋರ್ ಟರ್ಫ್ ಕ್ಲಬ್ಬಿನ ಕುದುರೆ ರೇಸಿನ ಮೈದಾನವೂ ಇತ್ತು. ಸುಮಾರು 100 ಎಕರೆ ಜಾಗ. ನಗರ ಬೆಳೆದಂತೆ ಅದು ಪೇಟೆಯ ನಟ್ಟನಡುವೆ ಸಿಕ್ಕಿಕೊಂಡಿತು. ರೇಸಿನ ದಿನಗಳಲ್ಲಿ ಸುತ್ತಲಿನ ರಸ್ತೆಗಳೆಲ್ಲ ಕಟ್ಟಿಹೋಗುತ್ತಿದ್ದವು. ಉಳಿದ ದಿನಗಳಲ್ಲಿ ಅಷ್ಟು ದೊಡ್ಡ ಹಸಿರು ಬಯಲಿನಿಂದ ಸಾಮಾನ್ಯ ಜನರಿಗೆ ಪ್ರಯೋಜನವಿರಲಿಲ್ಲ. 1980ರ ದಶಕದಲ್ಲಿ ಸರಕಾರ ಈ ಜಾಗವನ್ನು ನಗರದ ಹೊಸ ಕೇಂದ್ರಕ್ಕಾಗಿ ಬಿಡಿಸಿಕೊಳ್ಳಲು ನಿರ್ಧರಿಸಿತು. ಕ್ಲಬ್ಬು ನಗರದ ಹೊರಗೆ ಸುಂಗೈ ಬೆಸಿಗೆ ಹೋಯಿತು. ಹೊಸ ಯೋಜನೆಯಲ್ಲಿ ನೂರು ಎಕರೆಯ ಅರ್ಧ ಭಾಗವನ್ನು ಗೋಪುರ, ಹೋಟೆಲು, ಮಳಿಗೆಗಳಿಗೆ ಕೊಟ್ಟು ಉಳಿದರ್ಧವನ್ನು ಉದ್ಯಾನವಾಗಿ ಉಳಿಸಿಕೊಳ್ಳಲಾಯಿತು. ರಾಜಧಾನಿಯ ಹೃದಯದಲ್ಲಿರುವ 50 ಎಕರೆಯ ಬೆಲೆ ಎಷ್ಟೆಂಬುದನ್ನು ಊಹಿಸಿದವರಿಗೆ ಈ ಒಂದು ತೀರ್ಮಾನದ ತೂಕ ತಿಳಿಯುತ್ತದೆ. ಉದ್ಯಾನದ ಎದುರು ಇರುವ ಹೋಟೆಲುಗಳ, ಮನೆಗಳ ಬೆಲೆ ಆ ಹಸಿರಿನಿಂದಾಗಿಯೇ ಏರಿತೆಂಬುದೂ ನಿಜ. ಯೋಜಕರು ಕೇವಲ ಧರ್ಮಾರ್ಥವಾಗಿ ಇದನ್ನು ಮಾಡಲಿಲ್ಲ.

ಆಗ ಪ್ರಧಾನಿಯಾಗಿದ್ದವರು ಡಾ. ಮಹಾತಿರ್ ಮುಹಮ್ಮದ್. ರಬ್ಬರು ಮತ್ತು ತವರವನ್ನು ಮಾರಿ ಬದುಕುತ್ತಿದ್ದ ದೇಶ ಕೈಗಾರಿಕಾ ರಾಷ್ಟ್ರವಾಗಬೇಕೆಂಬ ಹಟ ಅವರದು. 1974ರಲ್ಲಿ ಸ್ಥಾಪನೆಯಾದ ಸರಕಾರಿ ತೈಲ ಕಂಪೆನಿ ಪೆಟ್ರೋನಾಸ್ ಹೊಸ ಕೇಂದ್ರದಲ್ಲಿ ತನ್ನ ಮುಖ್ಯ ಕಚೇರಿಯನ್ನು ಕಟ್ಟುವುದೆಂದಾಯಿತು. 1991ರಲ್ಲಿ ನಡೆದ ಅಂತಾರಾಷ್ಟ್ರೀಯ ವಿನ್ಯಾಸ ಸ್ಪರ್ಧೆಗೆ ಎಂಟು ಸಂಸ್ಥೆಗಳನ್ನು ಆಹ್ವಾನಿಸಲಾಗಿತ್ತು. ಗೆದ್ದವರು ಅರ್ಜೆಂಟೀನಾದಲ್ಲಿ ಹುಟ್ಟಿ ಅಮೇರಿಕದಲ್ಲಿ ನೆಲೆಸಿದ್ದ ಸೀಸರ್ ಪೆಲ್ಲಿ. ಕಟ್ಟಡ ಮಲೇಷ್ಯಾದ್ದೇ ಆಗಿ ಕಾಣಬೇಕು ಎಂಬುದು ಅವರ ಮುಂದಿದ್ದ ಬೇಡಿಕೆ. ಆದರೆ ಮಲೇಷ್ಯಾದಲ್ಲಿ ಗಗನಚುಂಬಿ ಕಟ್ಟಡದ ಪರಂಪರೆ ಎಂಬುದು ಎಲ್ಲಿತ್ತು? ಪೆಲ್ಲಿ ಇಸ್ಲಾಮೀ ಕಲೆಯ ರೇಖಾಗಣಿತದತ್ತ ತಿರುಗಿದರು. ಮೊದಲು ಅವರು ಬರೆದದ್ದು ಹನ್ನೆರಡು ಮೂಲೆಗಳ ನಕ್ಷತ್ರ. ಬಳಿಕ ಚರ್ಚೆಗಳಲ್ಲಿ ಅದು ಎಂಟು ಮೂಲೆಗಳ ನಕ್ಷತ್ರವಾಯಿತು. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟರೆ ಸಿಗುವ ಆಕೃತಿ. ಕುರ್‌ಆನ್ ಪ್ರತಿಗಳ ಅಂಚಿನಲ್ಲಿ ಭಾಗಗಳನ್ನು ಗುರುತಿಸಲು ಬಳಸುವ ರುಬ್‌ಉಲ್ ಹಿಝ್ಬ್ ಚಿಹ್ನೆಯನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ಇದು ಅದೇ. ಬರಿಯ ನಕ್ಷತ್ರದಲ್ಲಿ ಕಚೇರಿಗೆ ಜಾಗ ಸಾಲದ ಕಾರಣ ಒಳಮೂಲೆಗಳಲ್ಲಿ ಎಂಟು ಕಮಾನಿನ ಉಬ್ಬುಗಳನ್ನು ಸೇರಿಸಿ ಮಹಡಿಗಳನ್ನು ವಿಸ್ತರಿಸಲಾಯಿತು.

ಈ ಆಕೃತಿಯನ್ನು ನೋಡಲು ನಾವು ಕೌಲಾಲಂಪುರಕ್ಕೆ ಹೋಗಬೇಕಾಗಿಲ್ಲ. ವಿಜಾಪುರದ ಗೋಲಗುಮ್ಮಟದೊಳಗೆ ನಿಂತು ತಲೆಯೆತ್ತಿ ನೋಡಿದರೆ ಸಾಕು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಆ ಗೋರಿಯಲ್ಲಿ, ಹೊರಗಿನಿಂದ 44 ಮೀಟರ್ ವ್ಯಾಸವಿರುವ ಗುಮ್ಮಟಕ್ಕೆ ಆಧಾರವಾಗಿ ನಡುವೆ ಒಂದೂ ಕಂಬವಿಲ್ಲ. ಪರಸ್ಪರ ಹಾದುಹೋಗುವ ಎಂಟು ಕಮಾನುಗಳು ಎರಡು ಚೌಕಗಳ ನಕ್ಷತ್ರವನ್ನು ರಚಿಸಿ, ದುಂಡನೆಯ ಗುಮ್ಮಟದ ಭಾರವನ್ನು ಚೌಕಾಕಾರದ ಕೋಣೆಗೆ ದಾಟಿಸುತ್ತವೆ. ಪೆಲ್ಲಿ ವಿಜಾಪುರದಿಂದ ಕಲಿತರು ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ನಕ್ಷತ್ರ ಅಲಂಕಾರವಲ್ಲ, ಅದೇ ಗುಮ್ಮಟವನ್ನು ಹೊತ್ತಿದೆ ಎಂಬುದನ್ನು ಗಮನಿಸಬೇಕು. ಪೆಟ್ರೋನಾಸ್‌ನಲ್ಲಿ ನಕ್ಷತ್ರ ಮಹಡಿಗಳ ಅಂಚಿನ ಆಕಾರ ಮಾತ್ರ. ಕೆಳಗೆ ನಿಂತವರ ಕಣ್ಣಿಗೆ ಅದು ಮಡಿಕೆ ಮಡಿಕೆಯಾದ ಗೋಡೆಯಂತೆ ಕಾಣುತ್ತದೆಯೇ ಹೊರತು ಪೂರ್ಣ ನಕ್ಷತ್ರ ಎಲ್ಲಿಯೂ ಕಾಣಿಸದು. ನಕಾಶೆಯಲ್ಲಿ ಮಾತ್ರ ಕಾಣುವ ಚಿಹ್ನೆಯಿಂದ ಕಟ್ಟಡ ಇಸ್ಲಾಮೀ ಆಗುತ್ತದೆಯೇ ಎಂದು ಕೇಳುವವರ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ.

ಕಟ್ಟುವ ಕೆಲಸದ ಕತೆ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಪಾಠಪುಸ್ತಕದಂತಿದೆ. ನೆಲವನ್ನು ಕೊರೆದು ಪರೀಕ್ಷಿಸಿದಾಗ ಅಡಿಯಲ್ಲಿದ್ದುದು ಸುಣ್ಣಕಲ್ಲು. ಅದೂ ಕಡಿದಾಗಿ ಇಳಿಜಾರಾದ, ಒಳಗೆ ಪೊಟರೆಗಳಿರುವ ಸುಣ್ಣಕಲ್ಲು. ಮೊದಲು ಗುರುತಿಸಿದ್ದ ಜಾಗದಲ್ಲಿ ಕಟ್ಟಿದ್ದರೆ ಗೋಪುರದ ಒಂದು ಬದಿ ಬಂಡೆಯ ಮೇಲೆ, ಇನ್ನೊಂದು ಬದಿ ಮಣ್ಣಿನ ಮೇಲೆ ನಿಲ್ಲುತ್ತಿತ್ತು. ಹಾಗಾದರೆ ಒಂದು ಬದಿ ಕುಸಿದು ಗೋಪುರ ವಾಲದೆ ಇರುವುದಿಲ್ಲ. ಆದುದರಿಂದ ಇಡೀ ಜಾಗವನ್ನೇ ಸುಮಾರು 60 ಮೀಟರ್ ಸರಿಸಿ, ಬಂಡೆ ಬಹಳ ಆಳದಲ್ಲಿರುವ ಕಡೆ, ಪೂರ್ತಿಯಾಗಿ ಮಣ್ಣಿನಲ್ಲಿಯೇ ಅಡಿಪಾಯ ಹಾಕಲಾಯಿತು. 60ರಿಂದ 114 ಮೀಟರ್ ಆಳದವರೆಗೆ 104 ಕಾಂಕ್ರೀಟ್ ಪೈಲುಗಳು, ಅವುಗಳ ಮೇಲೆ 4.6 ಮೀಟರ್ ದಪ್ಪದ ಹಾಸು. ಒಂದೊಂದು ಗೋಪುರದ ಹಾಸಿಗೂ 13,200 ಘನ ಮೀಟರ್ ಕಾಂಕ್ರೀಟನ್ನು 54 ಗಂಟೆಗಳ ಕಾಲ ನಿಲ್ಲಿಸದೆ ಸುರಿಯಲಾಯಿತು. ಉಕ್ಕನ್ನು ಹೊರಗಿನಿಂದ ತರಿಸುವುದು ದುಬಾರಿಯಾದ್ದರಿಂದಲೂ, ಸ್ಥಳೀಯ ಕೆಲಸಗಾರರಿಗೆ ಪಳಗಿದ್ದು ಕಾಂಕ್ರೀಟ್ ಆದ್ದರಿಂದಲೂ ಗೋಪುರದ ಮುಖ್ಯ ಹಂದರವನ್ನು ಅದರಲ್ಲೇ ಕಟ್ಟಿದರು. ಆದರೆ ಅದು ನಾವು ಮನೆಗೆ ಬಳಸುವ ಕಾಂಕ್ರೀಟ್ ಅಲ್ಲ, ಅದರ ನಾಲ್ಕರಷ್ಟು ಬಲವುಳ್ಳದ್ದು. ಸುತ್ತಲೂ 16 ದುಂಡು ಕಂಬಗಳು. ಬುಡದಲ್ಲಿ ಅವುಗಳ ವ್ಯಾಸ 2.4 ಮೀಟರ್.

ಒಂದು ಗೋಪುರವನ್ನು ಜಪಾನಿನ ಹಜಾಮಾ ನೇತೃತ್ವದ ಕೂಟಕ್ಕೂ, ಇನ್ನೊಂದನ್ನು ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ನೇತೃತ್ವದ ಕೂಟಕ್ಕೂ ವಹಿಸಲಾಗಿತ್ತು. ಕುದುರೆಗಳ ಓಟ ನಿಂತ ಮೈದಾನದಲ್ಲಿ ಕಟ್ಟುವವರ ಓಟ ಶುರುವಾಯಿತು ಎನ್ನಬಹುದು. ಕೆಲಸದ ಮೊದಲ ದಿನಗಳಲ್ಲಿಯೇ ಒಂದು ಕಂತಿನ ಕಾಂಕ್ರೀಟ್ ಬಲದ ಪರೀಕ್ಷೆಯಲ್ಲಿ ಸೋತಿತು. ಕೆಲಸವನ್ನು ಪೂರ್ತಿ ನಿಲ್ಲಿಸಿದರು. ಮುಗಿದಿದ್ದ ಮಹಡಿಗಳನ್ನೆಲ್ಲ ಪರೀಕ್ಷಿಸಿ, ಆ ಕಾಂಕ್ರೀಟನ್ನು ಬಳಸಿದ್ದ ಒಂದು ಮಹಡಿಯನ್ನು ಒಡೆದುಹಾಕಿದರು. ದಿನವೊಂದಕ್ಕೆ ಅಪಾರ ನಷ್ಟವಾಗುವಾಗ ಹೀಗೆ ಮಾಡಲು ಧೈರ್ಯ ಬೇಕು. ಎರಡನೆಯ ಗೋಪುರ ಮೇಲೇರುತ್ತಿದ್ದಾಗ ಅದು 25 ಮಿಲಿಮೀಟರ್ ವಾಲಿರುವುದು ಕಂಡುಬಂತು. ಮುಂದಿನ 16 ಮಹಡಿಗಳನ್ನು ತುಸು ಹಿಂದಕ್ಕೆ ಓರೆಮಾಡಿ ಆ ತಪ್ಪನ್ನು ತಿದ್ದಲಾಯಿತು. ತಡವಾಗಿ ಶುರುವಾದರೂ ಮೊದಲು ತುದಿ ಮುಟ್ಟಿದ್ದು ಈ ಎರಡನೆಯ ಗೋಪುರವೇ. 1995ರಲ್ಲಿ 41 ಮತ್ತು 42ನೆಯ ಮಹಡಿಗಳ ಮಟ್ಟಕ್ಕೆ ಸೇತುವೆಯನ್ನು ನೆಲದಿಂದ ಎತ್ತಿ ಕೂರಿಸಿದರು. 58 ಮೀಟರ್ ಉದ್ದ, 750 ಟನ್ ತೂಕ. ಗಾಳಿಗೆ ಎರಡು ಗೋಪುರಗಳೂ ಬೇರೆ ಬೇರೆಯಾಗಿ ತೂಗುವುದರಿಂದ ಅದನ್ನು ಬಿಗಿದು ಕಟ್ಟಿಲ್ಲ; ಒಳಗೂ ಹೊರಗೂ ಜಾರಲು ಎಡೆ ಬಿಟ್ಟಿದ್ದಾರೆ.

1996ರಲ್ಲಿ ಇದು ಜಗತ್ತಿನ ಅತಿ ಎತ್ತರದ ಕಟ್ಟಡವೆಂದು ಘೋಷಿತವಾಯಿತು. ಅಲ್ಲಿಯವರೆಗೆ ಆ ಸ್ಥಾನದಲ್ಲಿದ್ದುದು ಶಿಕಾಗೋದ ಸಿಯರ್ಸ್ ಗೋಪುರ. ಶಿಕಾಗೋದವರು ತಕರಾರು ತೆಗೆದರು. ತಮ್ಮ ಕಟ್ಟಡದ ಛಾವಣಿ 442 ಮೀಟರಿನಲ್ಲಿದೆ, ಮಹಡಿಗಳು 110. ಮಲೇಷ್ಯಾದವರು ಗೆದ್ದದ್ದು ಮೇಲಿಟ್ಟ ಚೂಪು ಶಿಖರಗಳಿಂದ ಮಾತ್ರ ಎಂಬುದು ಅವರ ವಾದ. ಮಾತು ಸುಳ್ಳಲ್ಲ, ಶಿಖರವೇ 73.5 ಮೀಟರ್ ಇದೆ. ಕೊನೆಗೆ ಎತ್ತರವನ್ನು ನಾಲ್ಕು ವಿಧಗಳಲ್ಲಿ ಅಳೆಯುವ ಏರ್ಪಾಡಾಯಿತು. ಮಕ್ಕಳ ಜಗಳದಂತೆ ತೋರುವ ಈ ವಿವಾದವನ್ನು ನಾನಿಲ್ಲಿ ಹೇಳಿದ್ದು ಬೇರೆ ಕಾರಣಕ್ಕೆ. ಆ ಸಿಯರ್ಸ್ ಗೋಪುರದ ಇಂಜಿನಿಯರ್ ಯಾರು? 1929ರಲ್ಲಿ ಢಾಕಾದಲ್ಲಿ ಹುಟ್ಟಿದ ಫಝ್ಲುರ್ರಹ್ಮಾನ್ ಖಾನ್. ಕಲ್ಕತ್ತಾದ ಬಳಿಯ ಶಿಬ್ಪುರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಆರಂಭಿಸಿ, ಢಾಕಾದಲ್ಲಿ ಮುಗಿಸಿ, 1952ರಲ್ಲಿ ವಿದ್ಯಾರ್ಥಿವೇತನದ ಬಲದಿಂದ ಅಮೇರಿಕದ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಹೋದವರು. ಎತ್ತರದ ಕಟ್ಟಡವನ್ನು ಕೊಳವೆಯಂತೆ ಭಾವಿಸಿ, ಹೊರಗೋಡೆಯೇ ಗಾಳಿಯ ಒತ್ತಡವನ್ನು ತಡೆಯುವಂತೆ ಮಾಡುವ ಕ್ರಮವನ್ನು ರೂಪಿಸಿದವರು ಅವರು. ಪೆಟ್ರೋನಾಸ್ ಗೋಪುರದ ನಡುವಿನ ಕಾಂಕ್ರೀಟ್ ತಿರುಳು, ಹೊರಗಿನ ಕಂಬಗಳ ಬಳೆ ಎಲ್ಲವೂ ಅವರು ತೆರೆದ ದಾರಿಯಲ್ಲಿಯೇ ಬಂದವು. ಜಿದ್ದಾದ ಹಜ್ ಟರ್ಮಿನಲ್‌ನ ಡೇರೆಯಂತಹ ಮಾಡು ನೋಡಿದ ಹಾಜಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅದರ ಹಿಂದೆಯೂ ಇರುವುದು ಖಾನ್ ಅವರೇ. 1982ರಲ್ಲಿ ಅವರು ಕೊನೆಯುಸಿರೆಳೆದದ್ದು ಆ ಜಿದ್ದಾದಲ್ಲಿಯೇ. ಅಂದರೆ ಗೆದ್ದ ಗೋಪುರದ ಮೇಲೆ ನಕ್ಷತ್ರವಿತ್ತು, ಸೋತ ಗೋಪುರದ ಹಿಂದೆ ಒಬ್ಬ ಮುಸ್ಲಿಮ್ ವಿದ್ಯಾರ್ಥಿಯ ಕಲಿಕೆಯಿತ್ತು. ನಮ್ಮ ಹೆಮ್ಮೆ ಮೊದಲನೆಯದಕ್ಕೆ ಮಾತ್ರ ಏಕೆ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಗೋಪುರಗಳು ಮೇಲೆದ್ದ ಮರುವರ್ಷ, 1997ರಲ್ಲಿ, ಪೂರ್ವ ಏಷ್ಯಾದ ಹಣಕಾಸು ಕುಸಿತ ಬಂತು. ಮಲೇಷ್ಯಾದ ರಿಂಗಿಟ್ಟಿನ ಬೆಲೆ ಪಾತಾಳಕ್ಕಿಳಿದು, 1998ರಲ್ಲಿ ಸರಕಾರ ಅದನ್ನು ಡಾಲರಿಗೆ 3.80 ಎಂದು ಕಟ್ಟಿಹಾಕಬೇಕಾಯಿತು. ಇಷ್ಟು ಎತ್ತರ ಬೇಕಿತ್ತೇ ಎಂದು ಕೇಳಿದವರಿಗೆ ಆಗ ಬಲ ಬಂತು. 1999ರ ಆಗಸ್ಟ್‌ನಲ್ಲಿ ಡಾ. ಮಹಾತಿರ್ ಗೋಪುರಗಳನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು.

ಅದಕ್ಕೂ ಒಂದು ವರ್ಷ ಮೊದಲು, 1998ರಲ್ಲಿ, ಉದ್ಯಾನ ಜನರಿಗೆ ತೆರೆದಿತ್ತು. ಅದನ್ನು ವಿನ್ಯಾಸಗೊಳಿಸಿದವರು ಬ್ರೆಜಿಲ್‌ನ ರಾಬರ್ಟೊ ಬುರ್ಲೆ ಮಾರ್ಕ್ಸ್. ಜರ್ಮನಿಯಿಂದ ವಲಸೆ ಬಂದ ಯಹೂದಿ ತಂದೆಯ ಮಗನಾಗಿ 1909ರಲ್ಲಿ ಹುಟ್ಟಿದವರು. ಚಿತ್ರಕಲೆಯ ಹುಚ್ಚಿನ ಈ ಯುವಕ 1928ರಲ್ಲಿ ಬರ್ಲಿನ್‌ಗೆ ಹೋಗಿದ್ದಾಗ ಅಲ್ಲಿನ ಸಸ್ಯೋದ್ಯಾನದ ಗಾಜಿನ ಮನೆಯೊಳಗೆ ತನ್ನದೇ ನಾಡಿನ ಗಿಡಗಳನ್ನು ಕಂಡು ಬೆರಗಾದರು. ಊರಿನಲ್ಲಿ ಯಾರೂ ಅವುಗಳನ್ನು ತೋಟದಲ್ಲಿ ನೆಡುತ್ತಿರಲಿಲ್ಲ. ಶ್ರೀಮಂತರ ಅಂಗಳಗಳಲ್ಲೆಲ್ಲ ಯೂರೋಪಿನ ಹೂವುಗಳೇ. ತನ್ನ ಕಾಡಿನ ಗಿಡ ಅನ್ಯದೇಶದ ಗಾಜಿನ ಪೆಟ್ಟಿಗೆಯಲ್ಲಿ ಗೌರವ ಪಡೆಯಬೇಕಾದ ಈ ವಿಪರ್ಯಾಸ ಅವರ ಬದುಕನ್ನು ತಿರುಗಿಸಿತು. ಊರಿಗೆ ಮರಳಿ ಕಾಡು ಅಲೆದು ಗಿಡಗಳನ್ನು ಸಂಗ್ರಹಿಸಿದರು, ಅವುಗಳಿಂದಲೇ ತೋಟಗಳನ್ನು ರಚಿಸಿದರು. ರಿಯೊ ನಗರದ ಹೊರವಲಯದ ತಮ್ಮ ತೋಟದಲ್ಲಿ ಸಾವಿರಾರು ಜಾತಿಯ ಗಿಡಗಳನ್ನು ಬೆಳೆಸಿ 1985ರಲ್ಲಿ ಅದನ್ನು ದೇಶಕ್ಕೇ ದಾನ ಮಾಡಿದರು. 2021ರಲ್ಲಿ ಯುನೆಸ್ಕೊ ಆ ತೋಟವನ್ನು ವಿಶ್ವಪರಂಪರೆಯ ತಾಣವಾಗಿ ಸ್ವೀಕರಿಸಿತು.

ಕೌಲಾಲಂಪುರದಲ್ಲಿಯೂ ಅವರು ಅದೇ ಕ್ರಮವನ್ನು ಅನುಸರಿಸಿದರು. ಉದ್ಯಾನದಲ್ಲಿ 1,900ಕ್ಕೂ ಹೆಚ್ಚು ಮರಗಳಿದ್ದು, ಅವು 74 ಜಾತಿಗಳಿಗೆ ಸೇರಿವೆ. ಸ್ಥಳೀಯ ಹಕ್ಕಿಗಳನ್ನು ಮರಳಿ ಕರೆತರುವಂತಹ ದೇಶೀ ಮರಗಳಿಗೆ ಪ್ರಾಶಸ್ತ್ಯ ಕೊಡಲಾಯಿತು. ಕುದುರೆ ಮೈದಾನದ ಕಾಲದ ಸುಮಾರು 40 ಮರಗಳನ್ನು ಕಡಿಯದೆ ಉಳಿಸಿಕೊಂಡರು. ನೇರ ಗೆರೆಗಳಿಲ್ಲದ, ನೀರು ಹರಿದಂತೆ ಬಳಸಿ ಸಾಗುವ 1.3 ಕಿಲೋಮೀಟರ್ ಓಟದ ದಾರಿ. ಗೋಪುರದ ಬುಡದಲ್ಲಿ 10,000 ಚದರ ಮೀಟರಿನ ಕೃತಕ ಕೆರೆ ಮತ್ತು ಕಾರಂಜಿಗಳು. ಎರಡು ಎಕರೆಯ ಮಕ್ಕಳ ಆಟದ ಅಂಗಳ, ಅದರ ಪಕ್ಕದಲ್ಲಿ ಮೊಣಕಾಲು ಮುಳುಗುವಷ್ಟು ನೀರಿನ ಕೊಳ. ಇವುಗಳಿಗೆ ಯಾವುದಕ್ಕೂ ಟಿಕೆಟಿಲ್ಲ. ಗೋಪುರದ ಸೇತುವೆಗೆ ಹತ್ತಬೇಕಾದರೆ ಹಣ ಕೊಡಬೇಕು, ಸಾಲು ನಿಲ್ಲಬೇಕು. ಉದ್ಯಾನದ ಮೂಲೆಯಲ್ಲಿ ಅಶ್ಶಾಕಿರೀನ್ ಮಸೀದಿಯಿದೆ. ಜುಮುಆ ದಿನ ಗೋಪುರದ ಅಧಿಕಾರಿಗಳೂ ಅಂಗಡಿಯ ಹುಡುಗರೂ ಮರಗಳ ನಡುವಿನಿಂದ ನಡೆದು ಬಂದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಗಿಡ ನೆಡುವುದನ್ನೂ, ಅದರ ಹಣ್ಣನ್ನು ಹಕ್ಕಿ ತಿಂದರೆ ಅದನ್ನೂ ಸದಖಾ ಎಂದು ಕಲಿತ ಸಮುದಾಯ ನಮ್ಮದು. ಆ ದೃಷ್ಟಿಯಿಂದ ನೋಡಿದರೆ ಇಡೀ ಯೋಜನೆಯಲ್ಲಿ ಅತ್ಯಂತ ಇಸ್ಲಾಮೀ ಎನಿಸುವ ಭಾಗವನ್ನು ರಚಿಸಿದವರು ಬಹುಶಃ ಈ ಬ್ರೆಜಿಲ್‌ನ ತೋಟಗಾರ. ಅದು ಅವರ ಕೊನೆಯ ಕೆಲಸಗಳಲ್ಲೊಂದು. ಉದ್ಯಾನ ತೆರೆಯುವ ನಾಲ್ಕು ವರ್ಷ ಮೊದಲೇ, 1994ರ ಜೂನ್‌ನಲ್ಲಿ, ಅವರು ತೀರಿಕೊಂಡಿದ್ದರು.

2004ರಲ್ಲಿ ಪೆಟ್ರೋನಾಸ್ ಗೋಪುರಗಳಿಗೆ ಅಗಾಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಆ ವರ್ಷದ ಸಮಾರಂಭ ನಡೆದದ್ದು ದೆಹಲಿಯ ಹುಮಾಯೂನನ ಗೋರಿಯ ಉದ್ಯಾನದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 2003ರಲ್ಲಿ, ಆ ಉದ್ಯಾನದ ಬತ್ತಿಹೋಗಿದ್ದ ಕಾಲುವೆಗಳಲ್ಲಿ ಮತ್ತೆ ನೀರು ಹರಿಸಿ ಜೀರ್ಣೋದ್ಧಾರ ಮುಗಿಸಲಾಗಿತ್ತು. ಹದಿನಾರನೆಯ ಶತಮಾನದ ಆ ಕಟ್ಟಡ ಎತ್ತರದ ಜಗಲಿಯ ಮೇಲೆ ನಿಂತಿದೆ, ಸುತ್ತಲೂ ನಾಲ್ಕು ಭಾಗಗಳಾಗಿ ಹಂಚಿದ ಚಾರ್‌ಬಾಗ್. ಕಟ್ಟಿದವರಿಗೆ ತೋಟವಿಲ್ಲದ ಗೋರಿಯ ಕಲ್ಪನೆಯೇ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಗೋಪುರಕ್ಕೆ ಅಲ್ಲಿ ಪ್ರಶಸ್ತಿ ಕೊಟ್ಟದ್ದು ಆಕಸ್ಮಿಕವೇ ಇರಬಹುದು. ನನಗಂತೂ ಬಹಳ ಹಿಡಿಸಿತು.

ಪೆಟ್ರೋನಾಸ್ ಕಂಪೆನಿ 1997ರಲ್ಲಿ ಪೆರಾಕ್ ಪ್ರಾಂತದಲ್ಲಿ ತಂತ್ರಜ್ಞಾನದ ವಿಶ್ವವಿದ್ಯಾನಿಲಯವೊಂದನ್ನು ಸ್ಥಾಪಿಸಿತು. ಅದರ ಕಟ್ಟಡಗಳಿಗೂ 2007ರಲ್ಲಿ ಅದೇ ಅಗಾಖಾನ್ ಪ್ರಶಸ್ತಿ ದೊರೆಯಿತು. ಗೋಪುರಗಳನ್ನು ಕಟ್ಟುವಾಗ ಜಪಾನ್, ಕೊರಿಯ, ಅಮೇರಿಕಗಳಿಂದ ಪರಿಣತರನ್ನು ಕರೆಸಬೇಕಾಗಿದ್ದ ದೇಶ ತನ್ನದೇ ಇಂಜಿನಿಯರುಗಳನ್ನು ತಯಾರಿಸಲು ಮಾಡಿದ ವೆಚ್ಚ ಅದು. ಅದರ ಚಿತ್ರ ಕ್ಯಾಲೆಂಡರಿನಲ್ಲಿ ಬರುವುದಿಲ್ಲ.

ಎತ್ತರದ ದಾಖಲೆ ಬಹಳ ಕಾಲ ಉಳಿಯಲಿಲ್ಲ. 2004ರಲ್ಲಿ ತೈವಾನಿನ ತೈಪೆ 101 ಅದನ್ನು ಮೀರಿಸಿತು. ಕೌಲಾಲಂಪುರದಲ್ಲಿಯೇ 2023ರಲ್ಲಿ ಪೂರ್ಣಗೊಂಡ ಮರ್ದೆಕಾ 118 ಕಟ್ಟಡ 678.9 ಮೀಟರ್ ಇದೆ. ಜೋಡಿ ಗೋಪುರಗಳಲ್ಲಿ ಅತಿ ಎತ್ತರದ್ದು ಎಂಬ ಗೌರವ ಮಾತ್ರ ಪೆಟ್ರೋನಾಸ್‌ಗೆ ಇಂದಿಗೂ ಇದೆ. ಉದ್ಯಾನದ ಮರಗಳು ಮಾತ್ರ ಈ ಅವಧಿಯಲ್ಲಿ ಬೆಳೆದು ದಟ್ಟವಾಗಿವೆ. ಈದ್ ಬಂದಾಗ ಮಲಯ ಜನರು ಹಬ್ಬಕ್ಕೆಂದು ತಮ್ಮ ತಮ್ಮ ಹಳ್ಳಿಗಳಿಗೆ ಹೊರಟು ನಗರ ಖಾಲಿಯಾಗುತ್ತದೆ. ಆ ದಿನ ಈ ಉದ್ಯಾನ ತುಂಬುವುದು ಊರಿಗೆ ಹೋಗಲಾಗದ ಬಾಂಗ್ಲಾದೇಶ, ಇಂಡೋನೇಷ್ಯಾ, ನೇಪಾಳ, ಮ್ಯಾನ್ಮಾರ್‌ಗಳ ಕೂಲಿ ಕಾರ್ಮಿಕರಿಂದ. ಹೊಸ ಬಟ್ಟೆ ಧರಿಸಿ, ಕೆರೆಯ ದಂಡೆಯಲ್ಲಿ ಗೋಪುರಗಳಿಗೆ ಬೆನ್ನು ಮಾಡಿ ನಿಂತು, ಮನೆಯವರಿಗೆ ಕಳುಹಿಸಲು ಒಬ್ಬರ ಫೋಟೋ ಇನ್ನೊಬ್ಬರು ತೆಗೆಯುತ್ತಾರೆ.